ನಿಮಗಿದು ಗೊತ್ತೇ? ಕ್ಯಾಮೆರಾದ ನೆತ್ತಿ ಮೇಲಿನ ಡಯಲ್

● ಮೋಡ್ ಡಯಲ್ ಮೇಲೆ ಎಷ್ಟೇ ಅಕ್ಷರ, ಚಿತ್ರಗಳಿರಲಿ, ಅದು ಕೇಳುವುದು ಒಂದೇ ಪ್ರಶ್ನೆ: ಬೆಳಕಿನ ಯಜಮಾನಿಕೆ ಯಾರದು, ನಿಮ್ಮದೋ ಕ್ಯಾಮೆರಾದ್ದೋ? ‘ಪಿ’ಯಲ್ಲಿ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು, ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬೆರಡನ್ನೂ ಕ್ಯಾಮೆರಾ ತೀರ್ಮಾನಿಸುತ್ತದೆ. ‘ಎ’ಯಲ್ಲಿ ಕಿಂಡಿ ನಿಮ್ಮದು, ಹೊತ್ತು ಅದರದು. ‘ಎಸ್’ನಲ್ಲಿ ಹೊತ್ತು ನಿಮ್ಮದು, ಕಿಂಡಿ ಅದರದು. ‘ಎಂ’ನಲ್ಲಿ ಎರಡೂ ನಿಮ್ಮ ತಲೆಗೇ.

● ಕ್ಯಾನನ್ ಮತ್ತು ಪೆಂಟಾಕ್ಸ್‌ನವರು ‘ಎ’ ಬದಲು ‘ಎವಿ’, ‘ಎಸ್’ ಬದಲು ‘ಟಿವಿ’ ಎಂದು ಬರೆಯುತ್ತಾರೆ. ಇದು ಮನೆಯ ಟಿವಿಯಲ್ಲ, ಟೈಮ್ ವ್ಯಾಲ್ಯೂ. ಕೆಲಸ ಮಾತ್ರ ಅದೇ.

● ‘ಪಿ’ ಎಂದರೆ ಪೂರ್ತಿ ಆಟೊ ಎಂದುಕೊಂಡವರೇ ಹೆಚ್ಚು. ಹಸಿರು ಬಣ್ಣದ ಆಟೊದಲ್ಲಿ ಕತ್ತಲೆ ಕಂಡರೆ ಫ್ಲ್ಯಾಶ್ ತಾನಾಗಿ ಮೇಲೆದ್ದು ನಿಲ್ಲುತ್ತದೆ. ‘ಪಿ’ಯಲ್ಲಿ ನೀವು ಎಬ್ಬಿಸಿದರೆ ಮಾತ್ರ. ಅದೂ ಅಲ್ಲದೆ, ಕ್ಯಾಮೆರಾ ಸೂಚಿಸಿದ 1/125 ಸೆಕೆಂಡ್, ಎಫ್ 8 ನಿಮಗೆ ಒಪ್ಪಿಗೆಯಾಗದಿದ್ದರೆ ಬೆರಳಿನಡಿಯ ಡಯಲ್ ಒಂದಿಷ್ಟು ತಿರುಗಿಸಿ. ಅದು 1/250, ಎಫ್ 5.6 ಆಗುತ್ತದೆ. ಒಳಬರುವ ಬೆಳಕು ಅಷ್ಟೇ, ಚಿತ್ರದ ಗುಣ ಬೇರೆ. ಪಾಪ, ‘ಪಿ’ಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

● ಬೆಳಕನ್ನು ತಾನೇ ಅಳೆದು ಹೊಂದಿಸಿಕೊಳ್ಳುವ ಕ್ಯಾಮೆರಾ ಕಂಪ್ಯೂಟರ್ ಯುಗದ್ದಲ್ಲ. 1938ರಲ್ಲೇ ಬಂದ ಸೂಪರ್ ಕೊಡಾಕ್ ಸಿಕ್ಸ್-20 ಈ ಸಾಲಿನ ಮೊದಲನೆಯದು. ಬ್ಯಾಟರಿಯೂ ಇರಲಿಲ್ಲ. ಬೆಳಕು ಬಿದ್ದರೆ ವಿದ್ಯುತ್ ಹುಟ್ಟಿಸುವ ಸೆಲೆನಿಯಂ ಕೋಶವೊಂದು ಮುಳ್ಳನ್ನು ಆಡಿಸುತ್ತಿತ್ತು. ಗುಂಡಿ ಒತ್ತಿದಾಗ ಮುಳ್ಳು ಎಲ್ಲಿ ನಿಂತಿತೋ ಅದಕ್ಕೆ ತಕ್ಕಂತೆ ಲೆನ್ಸಿನ ಕಿಂಡಿ ಹೊಂದಿಕೊಳ್ಳುತ್ತಿತ್ತು. ಬೆಲೆ 225 ಡಾಲರ್. ಕೊಂಡವರು ಬಹಳ ಕಡಿಮೆ.

● ಕಿಂಡಿಯ ಆದ್ಯತೆ (‘ಎ’), ಶಟರ್ ಆದ್ಯತೆ (‘ಎಸ್’) ಎರಡನ್ನೂ ಒಂದೇ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮೊದಲು ಕೊಟ್ಟದ್ದು 1977ರ ಮಿನೋಲ್ಟಾ ಎಕ್ಸ್‌ಡಿ. ಮರುವರ್ಷ ಬಂದ ಕ್ಯಾನನ್ ಎ-1 ಅದಕ್ಕೆ ಪ್ರೋಗ್ರಾಂ ಮೋಡನ್ನೂ ಸೇರಿಸಿತು. ಈಗಿನ ಡಿಜಿಟಲ್ ಕ್ಯಾಮೆರಾದ ನಾಲ್ಕು ಅಕ್ಷರಗಳ ಸಂಸಾರ ಕೂಡಿದ್ದು ಫಿಲಂ ಕಾಲದಲ್ಲೇ.

● ಎಫ್ ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದಾಗುವುದೇಕೆ? ಅದು ಭಾಗಾಕಾರದ ಫಲ. ಲೆನ್ಸಿನ ನಾಭಿದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿ.ಮೀ. ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ಕಿಂಡಿಯ ವ್ಯಾಸ 25 ಮಿ.ಮೀ.; ಎಫ್ 4ಕ್ಕೆ ಇಟ್ಟರೆ ಹನ್ನೆರಡೂವರೆ. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ, ಬೆಳಕೂ ಕಾಲು ಭಾಗ. 1.4, 2, 2.8, 4, 5.6, 8, 11, 16 ಎಂಬ ವಿಚಿತ್ರ ಮಗ್ಗಿ ಹುಟ್ಟಿದ್ದು ಹೀಗೆ: ಪ್ರತಿ ಹೆಜ್ಜೆಗೂ (ಇದೇ ‘ಸ್ಟಾಪ್’) ಬೆಳಕು ಅರ್ಧವಾಗಬೇಕಾದರೆ ಸಂಖ್ಯೆಯನ್ನು ಎರಡರ ವರ್ಗಮೂಲದಿಂದ ಗುಣಿಸುತ್ತ ಹೋಗಬೇಕು. ಬಾಯಿಪಾಠ ಮಾಡುವವರಿಗೆ ಒಂದು ಉಪಾಯ: ಒಂದು ಬಿಟ್ಟು ಒಂದು ಸಂಖ್ಯೆ ಇಮ್ಮಡಿಯಾಗುತ್ತದೆ.

● ಶಟರ್ ವೇಗದ ಸಾಲಿನಲ್ಲಿ 1/60ರ ನಂತರ 1/120 ಬರಬೇಕಿತ್ತು, ಬರೆದಿರುವುದು 1/125. ಬರಹ ಒಂದು, ಒಳಗಿನ ಲೆಕ್ಕ ಇನ್ನೊಂದು. ಬಹುಪಾಲು ಡಿಜಿಟಲ್ ಕ್ಯಾಮೆರಾಗಳಲ್ಲಿ ವೇಗ ನಿಜಕ್ಕೂ 1/64, 1/128 ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ನಂಬಿಕೆ ಬಾರದಿದ್ದರೆ ಶಟರ್ ವೇಗವನ್ನು 30 ಸೆಕೆಂಡಿಗೆ ಇಟ್ಟು, ಕೈಗಡಿಯಾರ ನೋಡುತ್ತ ಕುಳಿತುಕೊಳ್ಳಿ. ಹೆಚ್ಚಿನ ಕ್ಯಾಮೆರಾಗಳು ಮುಚ್ಚುವುದು 32ನೇ ಸೆಕೆಂಡಿಗೆ.

● ಲೈಟ್ ಮೀಟರ್‌ಗೆ ಕಣ್ಣಿದೆ, ತಿಳಿವಳಿಕೆ ಇಲ್ಲ. ಎದುರಿಗೆ ಏನೇ ಇರಲಿ, ಅದು ಒಟ್ಟಾರೆ ನಡು ಬೂದು ಬಣ್ಣದ್ದು ಎಂದೇ ಅದರ ಅಂದಾಜು. ಗೋಕರ್ಣದ ಬಳಿಯ ಸಾಣಿಕಟ್ಟೆಗೆ ಹೋಗಿ ಉಪ್ಪಿನ ರಾಶಿಯಿಂದಲೇ ಚೌಕಟ್ಟು ತುಂಬಿಸಿ ಕ್ಲಿಕ್ಕಿಸಿ. ಕಣ್ಣು ಕುಕ್ಕುವ ಬಿಳುಪು ಚಿತ್ರದಲ್ಲಿ ಮಾಸಲಾಗಿರುತ್ತದೆ. ‘ಇಷ್ಟು ಬೆಳಕು ಇರಬಾರದಲ್ಲ’ ಎಂದುಕೊಂಡು ಕ್ಯಾಮೆರಾ ಅದನ್ನು ತಗ್ಗಿಸಿರುತ್ತದೆ. ಹಾಗೆಯೇ ಕರಿ ಎಮ್ಮೆಯ ಮೈಯನ್ನು ಹತ್ತಿರದಿಂದ ತೆಗೆದರೆ ಬೂದಿ ಬಳಿದಂತೆ ಕಾಣುತ್ತದೆ.

ಪ್ಲಸ್-ಮೈನಸ್ ಚಿಹ್ನೆಯ ಆ ಪುಟ್ಟ ಗುಂಡಿ ಇರುವುದು ಇದಕ್ಕೇ. ಹೊಸಬರು ಎಡವುವ ಜಾಗವೂ ಇದೇ: ವಿಪರೀತ ಬಿಳುಪಿದೆ, ಕಡಿಮೆ ಮಾಡೋಣ ಎಂದು ಮೈನಸ್ ಕಡೆಗೆ ತಿರುಗಿಸುತ್ತಾರೆ. ಬೇಕಾದದ್ದು ಉಲ್ಟಾ. ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. ಉಪ್ಪಿನ ರಾಶಿಗೆ ಒಂದರಿಂದ ಒಂದೂವರೆ ಸ್ಟಾಪ್ ಪ್ಲಸ್ ಕೊಟ್ಟು ನೋಡಿ, ಉಪ್ಪು ಉಪ್ಪಾಗುತ್ತದೆ. ಇಡೀ ಕ್ಯಾಮೆರಾದಲ್ಲಿ ಒಂದೇ ಒಂದು ಗುಂಡಿ ಕಲಿಯಲು ಸಮಯವಿದೆ ಎನ್ನುವವರಿಗೆ ನಾನು ತೋರಿಸುವುದು ಇದನ್ನೇ.

● ಬಯಲಾಟದ ರಾತ್ರಿ ಯಕ್ಷಗಾನದ ವೇಷ ತೆಗೆಯುವವರ ಸಂಕಟ ಇನ್ನೊಂದು ಬಗೆ. ಚೌಕಟ್ಟಿನ ಮುಕ್ಕಾಲು ಪಾಲು ಕತ್ತಲೆ, ನಡುವೆ ಬೆಳಗುವ ಒಂದು ಮುಖ. ಕತ್ತಲೆಯನ್ನೂ ಬೂದು ಮಾಡಲು ಹೊರಟ ಮೀಟರ್ ಬಣ್ಣಗಾರಿಕೆಯನ್ನೆಲ್ಲ ಬೆಳ್ಳಗೆ ತೊಳೆದುಬಿಡುತ್ತದೆ. ಸ್ಪಾಟ್ ಮೀಟರಿಂಗ್‌ಗೆ ಬದಲಿಸಿದರೆ ಅದು ಚಿತ್ರದ ಸಣ್ಣದೊಂದು ಚುಕ್ಕೆಯನ್ನು ಮಾತ್ರ ಅಳೆಯುತ್ತದೆ. ಆ ಚುಕ್ಕೆಯನ್ನು ಮುಖದ ಮೇಲಿಡಬೇಕು, ಕಿರೀಟದ ಮಿಂಚಿನ ಮೇಲಲ್ಲ.

● ಚೌಕಟ್ಟನ್ನು ತುಂಡು ತುಂಡಾಗಿ ಅಳೆದು ಹೋಲಿಸುವ ಮೀಟರ್ ಮೊದಲು ಬಂದದ್ದು 1983ರ ನಿಕಾನ್ ಎಫ್‌ಎ ಕ್ಯಾಮೆರಾದಲ್ಲಿ. ಆಗ ತುಂಡುಗಳು ಐದು. 2016ರ ನಿಕಾನ್ ಡಿ5 ಹೊತ್ತಿಗೆ ಬೆಳಕು ಅಳೆಯುವ ಸೆನ್ಸರ್‌ನಲ್ಲೇ 1,80,000 ಪಿಕ್ಸೆಲ್.

● ಮೀಟರೇ ಇಲ್ಲದೆ ತೆಗೆದ ಜಗತ್ಪ್ರಸಿದ್ಧ ಚಿತ್ರವೊಂದಿದೆ. 1941ರ ಶರತ್ಕಾಲದ ಒಂದು ಸಂಜೆ ಅಮೆರಿಕದ ನ್ಯೂಮೆಕ್ಸಿಕೊದಲ್ಲಿ ಹರ್ನಾಂಡೆಜ್ ಎಂಬ ಊರಿನ ಪಕ್ಕ ಹೋಗುತ್ತಿದ್ದ ಆನ್ಸೆಲ್ ಆಡಮ್ಸ್‌ಗೆ ಚಂದ್ರೋದಯ ಕಂಡಿತು. ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಕಾರು ನಿಲ್ಲಿಸಿ, ದೊಡ್ಡ ಕ್ಯಾಮೆರಾ ಹೂಡಿದರೆ ಲೈಟ್ ಮೀಟರ್ ಎಲ್ಲೂ ಸಿಗಲೊಲ್ಲದು. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರ ನೆನಪಿನಲ್ಲಿತ್ತು. ಅದರಿಂದಲೇ ಬಾಯಿಲೆಕ್ಕ ಹಾಕಿ, ಫಿಲ್ಟರ್ ತಿನ್ನುವ ಬೆಳಕನ್ನೂ ಲೆಕ್ಕಕ್ಕೆ ಸೇರಿಸಿ, ಎಫ್ 32ರಲ್ಲಿ ಒಂದು ಸೆಕೆಂಡ್ ಕೊಟ್ಟರು. ಎರಡನೆಯದು ತೆಗೆಯೋಣ ಎನ್ನುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ‘ಎಂ’ ಮೋಡಿನಲ್ಲೇ ತೆಗೆಯುತ್ತೇನೆ ಎಂದು ಮೀಸೆ ತಿರುವುವವರು ಈ ಕಥೆಯನ್ನು ಒಮ್ಮೆ ಕೇಳಬೇಕು.

● ನಡುಹಗಲಿನ ಬಿಸಿಲು ಹುಣ್ಣಿಮೆಯ ಬೆಳದಿಂಗಳಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಖರ. ಆದರೆ ಬೆಳದಿಂಗಳಿನ ಬದಲು ಚಂದ್ರನನ್ನೇ ತೆಗೆಯುವುದಾದರೆ ಹಗಲಿನ ಲೆಕ್ಕವೇ ಸಾಕು: ಐಎಸ್ಒ 100, ಎಫ್ 11, 1/100 ಸೆಕೆಂಡ್ ಹತ್ತಿರ. ಅಲ್ಲಿ ಕಾಣುತ್ತಿರುವುದು ಬಿಸಿಲಿಗೆ ಬಿದ್ದ ಕಲ್ಲುನೆಲ ತಾನೇ!

● ಅಮೆರಿಕದ ಎಎಸ್ಎ, ಜರ್ಮನಿಯ ಡಿಐಎನ್ ಎಂಬ, ಫಿಲಂ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಎರಡು ಅಳತೆಗಳನ್ನು 1974ರಲ್ಲಿ ಒಂದುಗೂಡಿಸಿದ್ದರಿಂದ ಬಂದದ್ದು ಐಎಸ್ಒ ಸಂಖ್ಯೆ. ಫಿಲಂನಲ್ಲಿ ಅದು ರೀಲಿನ ಗುಣ, ರೀಲು ಮುಗಿಯುವವರೆಗೆ ಬದಲಿಸುವಂತಿರಲಿಲ್ಲ. ಡಿಜಿಟಲ್‌ನಲ್ಲಿ ಪ್ರತಿ ಚಿತ್ರಕ್ಕೂ ಬದಲಿಸಬಹುದು. ಐಎಸ್ಒ ಏರಿಸಿದರೆ ಸೆನ್ಸರ್ ಹೆಚ್ಚು ಬೆಳಕನ್ನೇನೂ ಹಿಡಿಯುವುದಿಲ್ಲ. ಹಿಡಿದ ಅಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ. ಕಾಳುಕಾಳಾದ ಗದ್ದಲ ಎದ್ದು ಕಾಣುವುದು ಅದರಿಂದ.

● ‘ಬಿ’ ಅಥವಾ ಬಲ್ಬ್ ಮೋಡಿಗೂ ವಿದ್ಯುದ್ದೀಪಕ್ಕೂ ನಂಟಿಲ್ಲ. ಹಳೆಯ ಸ್ಟುಡಿಯೊ ಕ್ಯಾಮೆರಾಗಳಿಗೆ ಕೊಳವೆಯ ತುದಿಯಲ್ಲಿ ರಬ್ಬರ್ ಬುರುಡೆ ಇರುತ್ತಿತ್ತು. ಹಿಚುಕಿದರೆ ಗಾಳಿಯ ಒತ್ತಡಕ್ಕೆ ಶಟರ್ ತೆರೆಯುವುದು, ಬಿಟ್ಟರೆ ಮುಚ್ಚುವುದು. ಇಂದೂ ‘ಬಿ’ಯಲ್ಲಿ ಬೆರಳು ಒತ್ತಿರುವಷ್ಟು ಹೊತ್ತು ಶಟರ್ ತೆರೆದಿರುತ್ತದೆ.

● ಕ್ಲಿಕ್ ಗುಂಡಿ ಒಂದಲ್ಲ, ಎರಡು. ಅರ್ಧ ಒತ್ತಿದರೆ ಮೀಟರ್, ಫೋಕಸ್ ಎಚ್ಚರಗೊಳ್ಳುತ್ತವೆ. ಪೂರ್ತಿ ಒತ್ತಿದರೆ ಚಿತ್ರ. ಒಂದೇ ಏಟಿಗೆ ಗುದ್ದುವವರ ಚಿತ್ರಗಳು ಮಸುಕಾಗಲು ಅರ್ಧ ಕಾರಣ ಇದೇ.

● ಡಿಎಸ್‌ಎಲ್‌ಆರ್‌ನಲ್ಲಿ ಎಫ್ 16 ಇಟ್ಟರೂ ಕಣ್ಣಿಗೆ ಕಾಣುವ ದೃಶ್ಯ ಕಪ್ಪಾಗುವುದಿಲ್ಲ. ಕ್ಲಿಕ್ಕಿಸುವ ಕ್ಷಣದವರೆಗೂ ಕಿಂಡಿ ಪೂರ್ತಿ ತೆರೆದೇ ಇರುತ್ತದೆ. ಅನೇಕ ಮಾದರಿಗಳಲ್ಲಿ ಲೆನ್ಸ್ ಕೂರುವ ಬಳೆಯ ಪಕ್ಕ, ಹಲವರು ಎಂದೂ ಮುಟ್ಟದ ಗುಂಡಿಯೊಂದಿದೆ. ಒತ್ತಿದರೆ ಕಿಂಡಿ ಮೊದಲೇ ಮುಚ್ಚಿಕೊಂಡು, ಹಿಂದೆ ಮುಂದೆ ಎಷ್ಟು ದೂರ ಸ್ಪಷ್ಟವಾಗಿರುತ್ತದೆ ಎಂದು ತೋರಿಸುತ್ತದೆ.

● ಎಡಚರಿಗೆ ಹೇಳಿ ಮಾಡಿಸಿದಂಥ ಕ್ಯಾಮೆರಾಗಳೂ ಇದ್ದವು. 1936ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ ಕೀನೆ ಎಕ್ಸಾಕ್ಟಾದ ಕ್ಲಿಕ್ ಗುಂಡಿ, ರೀಲು ಎಳೆಯುವ ಕಡ್ಡಿ ಎರಡೂ ಎಡಗೈಗೆ. ಜಪಾನಿನ ಸಮುರಾಯ್ ಸಾಲಿನ ಒಂದು ಮಾದರಿಯನ್ನು ಎಡಚರಿಗೆಂದೇ ಕನ್ನಡಿಯ ಬಿಂಬದಂತೆ ತಿರುಗಿಸಿ ಮಾಡಲಾಗಿತ್ತು.

● ನಿಕಾನ್ ಬಳಸಿದ ಕೈ ಕ್ಯಾನನ್ ಹಿಡಿದರೆ ತಡವರಿಸುತ್ತದೆ. ಲೆನ್ಸ್ ಕೂರಿಸಲು ಕ್ಯಾನನ್‌ನಲ್ಲಿ ಬಲಕ್ಕೆ ತಿರುಗಿಸಬೇಕು, ನಿಕಾನ್‌ನಲ್ಲಿ ಎಡಕ್ಕೆ. ನಿಕಾನ್‌ನ ಹಳೆಯ ಮೀಟರ್ ಪಟ್ಟಿಯಲ್ಲಿ ಪ್ಲಸ್ ಕೂಡ ಎಡಗಡೆಗೇ ಇರುತ್ತಿತ್ತು!

● ಕ್ಲಿಕ್ ಗುಂಡಿಯ ಹಿಂದೆ ತೋರುಬೆರಳಿಗೆ ಸಿಗುವ ಚಕ್ರ ಕ್ಯಾನನ್‌ನಲ್ಲಿ ಮನೆಮಾಡಿದ್ದು 1986ರ ಟಿ90ಯಿಂದ. ಅದರ ನುಣುಪು ಮೈಕಟ್ಟಿನ ಹಿಂದೆ ಜರ್ಮನ್ ವಿನ್ಯಾಸಕಾರ ಲುಯಿಜಿ ಕೊಲಾನಿಯ ಕೈಯಿದೆ. ಬೆನ್ನ ಮೇಲಿನ, ಹೆಬ್ಬೆರಳಿನ ದೊಡ್ಡ ಚಕ್ರ ಬಂದದ್ದು 1989ರ ಇಒಎಸ್-1ರಲ್ಲಿ.

● ಫಿಲಂ ಇಲ್ಲದಿದ್ದರೂ ಫಿಲಂ ಎಳೆಯುವ ಕಡ್ಡಿ! 2004ರ ಎಪ್ಸನ್ ಆರ್-ಡಿ1 ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಮುಂಚೆ ಕಡ್ಡಿ ಎಳೆದು ಶಟರ್ ಬಿಗಿಯಬೇಕಿತ್ತು. ಬ್ಯಾಟರಿ ಎಷ್ಟಿದೆ, ಇನ್ನೆಷ್ಟು ಚಿತ್ರ ಹಿಡಿಸುತ್ತದೆ ಎಂದು ತೋರಿಸಲು ನೆತ್ತಿಯ ಮೇಲೆ ಗಡಿಯಾರದಂಥ ಮುಳ್ಳುಗಳು. ಕೆಲಸಕ್ಕೆ ಬಾರದ ಚಂದ ಎನ್ನುವವರಿದ್ದಾರೆ. ನನಗಂತೂ ಬಲು ಇಷ್ಟ.

● 2016ರ ಲೈಕಾ ಎಂ-ಡಿ ಡಿಜಿಟಲ್ ಕ್ಯಾಮೆರಾಕ್ಕೆ ಬೆನ್ನ ಮೇಲೆ ಪರದೆಯೇ ಇಲ್ಲ. ಇರಬೇಕಾದ ಜಾಗದಲ್ಲಿ ಒಂದು ಐಎಸ್ಒ ಡಯಲ್ ಕೂತಿದೆ. ತೆಗೆದ ಚಿತ್ರ ನೋಡಬೇಕೆಂದರೆ ಮನೆಗೆ ಹೋಗಿ ನೋಡಿ.

● ‘ಕ್ಲಿಕ್’ ಸದ್ದೂ ಈಗ ನಾಟಕ. 2021ರ ನಿಕಾನ್ ಝಡ್9ರಲ್ಲಿ ಯಾಂತ್ರಿಕ ಶಟರ್ ಇಲ್ಲವೇ ಇಲ್ಲ. ಕೇಳಿಸುವ ಸದ್ದು ಸ್ಪೀಕರ್‌ನದು, ಬೇಡವೆಂದರೆ ನಿಲ್ಲಿಸಬಹುದು. 2023ರಲ್ಲಿ ಘೋಷಣೆಯಾದ ಸೋನಿ ಎ9 ಮೂರನೇ ಅವತಾರದ ಗರಿಷ್ಠ ಶಟರ್ ವೇಗ 1/80,000 ಸೆಕೆಂಡ್.

● ಮದುವೆ ಮಂಟಪದ ಎಲ್ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆ ಪಟ್ಟೆ ಬರುತ್ತಿದೆಯೇ? ನಮ್ಮ ದೇಶದ ವಿದ್ಯುತ್ 50 ಹರ್ಟ್ಜ್. ಅದರ ಜತೆ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗ 1/50 ಅಥವಾ 1/100 ಇಟ್ಟರೆ ಮಿಣುಕು ಪೂರ್ತಿ ಸುತ್ತು ಮುಗಿಸುತ್ತದೆ, ಹೆಚ್ಚಿನ ಕಡೆ ಪಟ್ಟೆ ಮಾಯ. ಅಮೆರಿಕದಲ್ಲಿರುವ ಕನ್ನಡಿಗರು 1/60 ಅಥವಾ 1/125 ಇಡಬೇಕು, ಅಲ್ಲಿಯದು 60 ಹರ್ಟ್ಜ್.

● ‘ಎಂ’ನಲ್ಲಿಟ್ಟು, ಐಎಸ್ಒ ಮಾತ್ರ ಆಟೊಗೆ ಬಿಟ್ಟರೆ ಅದೂ ಆಟೊ ಮೋಡೇ. ಕಿಂಡಿ, ಹೊತ್ತು ನೀವು ಹೇಳಿದ್ದು. ಚಿತ್ರ ಎಷ್ಟು ಬೆಳ್ಳಗಿರಬೇಕೆಂದು ಹೇಳುವುದು ಕ್ಯಾಮೆರಾ. ಪೆಂಟಾಕ್ಸ್ ಇದನ್ನು ಮುಚ್ಚುಮರೆಯಿಲ್ಲದೆ 2006ರ ಕೆ10ಡಿಯಲ್ಲಿ ‘ಟಿಎವಿ’ ಎಂಬ ಪ್ರತ್ಯೇಕ ಮೋಡಾಗಿಯೇ ಕೊಟ್ಟಿತು. ಹಕ್ಕಿ ಹಿಂದೆ ಅಲೆಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ: ಬಿಸಿಲಿನಿಂದ ನೆರಳಿಗೆ ಹಾರಿದ ಮಿಂಚುಳ್ಳಿ ನೀವು ಐಎಸ್ಒ ತಿರುಗಿಸುವವರೆಗೆ ಕಾಯುವುದಿಲ್ಲ.

● ಹೆಚ್ಚಿನ ಮೊಬೈಲ್‌ಗಳ ಲೆನ್ಸಿನ ಕಿಂಡಿ ಕಿರಿದಾಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಹಿನ್ನೆಲೆ ಮಸುಕಾಗಿಸುವಾಗ ಪರದೆಯ ಮೇಲೆ ನೀವು ಜಾರಿಸುವ ಎಫ್ ಸಂಖ್ಯೆ ಬರೀ ಲೆಕ್ಕಾಚಾರದ ಆಟ. 2018ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್9ರಲ್ಲಾದರೋ ಕಿಂಡಿ ನಿಜವಾಗಿಯೂ ಎಫ್ 1.5 ಮತ್ತು 2.4ರ ನಡುವೆ ಬದಲಾಗುತ್ತಿತ್ತು. ಕನ್ನಡಿಯ ಮುಂದೆ ಹಿಡಿದು ಮೋಡ್ ಬದಲಿಸಿದರೆ ಅದರ ಎಲೆಗಳು ಸರಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು.