ಕಟ್ಟೆ ಒಂದು ಇಂಚು ಏರಿತು: ನೀರೋ, ಗಾಳಿಯೋ?

ಮಂಡ್ಯ: ಮಳೆಗಾಲ ಬಂತೆಂದರೆ ಗುತ್ತಲು ರಸ್ತೆಯ ಅಂಗಡಿಗಳಲ್ಲಿ ವ್ಯಾಪಾರಕ್ಕಿಂತ ಮುಂಚೆ ಒಂದೇ ಪ್ರಶ್ನೆ: ‘ಕಟ್ಟೆ ಎಷ್ಟಕ್ಕೆ ಬಂತು?’ ನಿನ್ನೆಗಿಂತ ಒಂದು ಇಂಚು ಜಾಸ್ತಿ ಅಂದರೆ ಮುಖ ಅರಳುತ್ತೆ. ಇಳಿದಿದೆ ಅಂದರೆ ಸಾಲ ಕೊಟ್ಟ ಅಂಗಡಿಯವರಿಗೂ ಚಿಂತೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಂದರೆ ತಾನೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಭತ್ತ, ಕಬ್ಬು? ಬೆಳೆ ಕೈಗೆ ಬಂದರೆ ತಾನೆ ಬಾಕಿ ವಸೂಲಿ?

ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಆಗ ನೀರು 49.45 ಟಿಎಂಸಿ, ಹರವು ಸುಮಾರು 129 ಚದರ ಕಿಲೋಮೀಟರ್. ಅಷ್ಟಗಲದ ಮೇಲೆ ಒಂದು ಇಂಚು ಅಂದರೆ ಒಂದು ಟಿಎಂಸಿಯ ಹತ್ತನೇ ಒಂದು ಭಾಗಕ್ಕಿಂತ ಕೊಂಚ ಹೆಚ್ಚೇ. 2023ರ ಸೆಪ್ಟೆಂಬರಿನಲ್ಲಿ ಮಟ್ಟ 100 ಅಡಿಗಿಂತ ಕೆಳಗಿದ್ದಾಗ ತಮಿಳುನಾಡಿಗೆ ನೀರು ಬಿಟ್ಟರೆಂದು 23ರಂದು ಮಂಡ್ಯ ಬಂದ್ ಆಯಿತು. ಇಂಚಿನ ಬೆಲೆ ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ.

ಆದರೆ ಏರಿದ ಇಂಚೆಲ್ಲ ಹೊಸ ನೀರೇ ಎಂದು ಹೇಳುವ ಹಾಗಿಲ್ಲ.

ತೂಗುವ ನೀರು

ಬಸ್ಸಿನಲ್ಲಿ ಅರ್ಧ ತುಂಬಿದ ಹಾಲಿನ ಕ್ಯಾನು ಇಟ್ಟಿರುತ್ತಾರೆ. ಡ್ರೈವರ್ ಬ್ರೇಕ್ ಹಾಕುತ್ತಲೇ ಹಾಲು ಮುಂದಕ್ಕೆ ನುಗ್ಗಿ ಏರುತ್ತೆ, ಮತ್ತೆ ಹಿಂದಕ್ಕೆ ಬರುತ್ತೆ. ಒಂದು ಕಡೆ ಏರಿದಾಗ ಇನ್ನೊಂದು ಕಡೆ ಇಳಿತ. ನಡುವೆ ಮಾತ್ರ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ. ಬಸ್ಸು ನಿಂತ ಮೇಲೂ ಸ್ವಲ್ಪ ಹೊತ್ತು ಈ ತೂಗಾಟ ನಿಲ್ಲುವುದಿಲ್ಲ. ಹಾಲು ಮಾತ್ರ ಒಂದು ತೊಟ್ಟೂ ಹೆಚ್ಚಾಗಿರುವುದಿಲ್ಲ!

ಕೆರೆ, ಜಲಾಶಯಗಳಲ್ಲೂ ಇದೇ ಆಟ. ಇದನ್ನು ಸ್ಥಾಯಿ ತರಂಗ ಅಂತಾರೆ. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದ ಜನ ಇದಕ್ಕೆ ‘ಸೇಶ್’ ಎಂದು ಹೆಸರಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಫೋರೆಲ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಅಳೆದು ನೋಡಿದರು. ಆ ಸರೋವರ ಒಂದು ಸಲ ಹೋಗಿ ಬರಲು ಸುಮಾರು 73 ನಿಮಿಷ. ನೀರಿನ ಉದ್ದ ಹೆಚ್ಚಿದಷ್ಟೂ ತೂಗಾಟ ನಿಧಾನ, ಆಳ ಹೆಚ್ಚಿದಷ್ಟೂ ಚುರುಕು.

ಭೂಕಂಪದಿಂದಲೂ ಇದು ಆಗುತ್ತೆ. 1950ರ ಆಗಸ್ಟ್ 15ರ ಅಸ್ಸಾಂ ಭೂಕಂಪಕ್ಕೆ ದೂರದ ನಾರ್ವೆ, ಇಂಗ್ಲೆಂಡುಗಳ ನೀರೂ ತೂಗಿತ್ತು.

ಆಷಾಢದ ಗಾಳಿ

ನಮ್ಮ ಕಡೆ ಮುಖ್ಯ ಕಾರಣ ಗಾಳಿ. ಒಂದೇ ದಿಕ್ಕಿಗೆ ಗಂಟೆಗಟ್ಟಲೆ ಬೀಸಿದರೆ ನೀರನ್ನು ಆಚೆ ದಡಕ್ಕೆ ದೂಡುತ್ತೆ. ಗಾಳಿ ನಿಂತಾಗ ತೂಗಾಟ ಶುರು. 1 ಕಿಲೋಮೀಟರ್ ಉದ್ದ, 3 ಮೀಟರ್ ಆಳದ ಊರ ಕೆರೆಯಲ್ಲಿ ಒಂದು ತೂಗು ಸುಮಾರು 6 ನಿಮಿಷ. ಏರಿಳಿತ ಬೆರಳಗಲವೂ ಇರದು. ಅದೇ 20 ಕಿಲೋಮೀಟರ್ ಉದ್ದ, 10 ಮೀಟರ್ ಸರಾಸರಿ ಆಳದ ಜಲಾಶಯವಾದರೆ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಗೆ ಒಂದು ತುದಿಯಲ್ಲಿ ಅರ್ಧ ಇಂಚಿನಿಂದ ಒಂದು ಇಂಚಿನವರೆಗೆ ಏರಬಹುದು. ತೂಗಲು ಒಂದು ಗಂಟೆಗೂ ಮೇಲೆ.

ಕನ್ನಂಬಾಡಿಯ ಹಿನ್ನೀರು ಡೊಂಕುಡೊಂಕು, ಹಾಗಾಗಿ ಅಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಆದರೂ ಒಂದು ಮಾತು ನೆನಪಿರಲಿ: ಹಿನ್ನೀರು ಚಾಚಿರುವುದು ಪಶ್ಚಿಮಕ್ಕೆ, ಆಷಾಢದ ಗಾಳಿ ಬರುವುದೂ ಆ ಕಡೆಯಿಂದಲೇ. ದೂಡಿದರೆ ನೀರನ್ನು ಅಣೆಕಟ್ಟೆಯತ್ತಲೇ ದೂಡುತ್ತೆ. ಮಟ್ಟ ಓದುವುದೂ ಅಲ್ಲೇ!

ಹಾಗಾದರೆ ನಂಬುವುದು ಯಾವುದನ್ನು?

ಪತ್ರಿಕೆಯಲ್ಲಿ ಮಟ್ಟದ ಪಕ್ಕದಲ್ಲೇ ಒಳಹರಿವು, ಹೊರಹರಿವು ಇರುತ್ತೆ. ಕಟ್ಟೆ ತುಂಬುವ ಹಂತದಲ್ಲಿದ್ದಾಗ ಒಳಹರಿವು 1000 ಕ್ಯೂಸೆಕ್ ಹೆಚ್ಚಾಗಿ ಒಂದು ದಿನ ಪೂರ್ತಿ ಇದ್ದರೆ ಮಟ್ಟ ಏರುವುದು ಮುಕ್ಕಾಲು ಇಂಚು. ಎರಡೂ ಸಮವಾಗಿದ್ದು ಇಂಚು ಏರಿದೆ ಅಂದರೆ ಗಾಳಿಯ ಮೇಲೆ ಅನುಮಾನ ಪಡಬಹುದು. ಒಂದು ದಿನದ ಇಂಚು ನೋಡಿ ಕುಣಿಯುವುದೂ ಬೇಡ, ಕುಗ್ಗುವುದೂ ಬೇಡ. ಮೂರು ನಾಲ್ಕು ದಿನದ ಅಂಕಿ ಸೇರಿಸಿ ನೋಡಿದರೆ ಗಾಳಿಯ ಇಂಚು ಜಾರಿ, ನೀರಿನ ಇಂಚು ಉಳಿಯುತ್ತೆ. ನಾಲೆಗೆ ಹರಿಯುವುದು ಆ ಉಳಿದ ಇಂಚೇ.