‘ಯಾರಿಗೂ ಹೇಳಲ್ಲ’ ಅನ್ನೋ ಮೊದಲು...

ಆಗಷ್ಟೇ ಎಂಎಸ್‌ಡಬ್ಲ್ಯು ಮುಗಿಸಿ ಬೆಂಗಳೂರಿನ ಆಪ್ತಸಮಾಲೋಚನಾ ಕೇಂದ್ರವೊಂದಕ್ಕೆ ಸೇರಿದ್ದೆ. ಹದಿನಾರರ ಹುಡುಗಿಯೊಬ್ಬಳು ಎದುರು ಕೂತು, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು: ‘ಮೇಡಂ, ಯಾರಿಗೂ ಹೇಳಲ್ಲ ತಾನೆ?’

‘ಖಂಡಿತ ಇಲ್ಲಮ್ಮ’ ಅಂದುಬಿಟ್ಟೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವಳು ಹೇಳಿದ್ದು ಸಂಬಂಧಿಕನೊಬ್ಬನ ಲೈಂಗಿಕ ಕಿರುಕುಳದ ಬಗ್ಗೆ. ಕೇಳುತ್ತಾ ಕೇಳುತ್ತಾ ನನ್ನ ಕೈ ತಣ್ಣಗಾಯಿತು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹದಿನೆಂಟು ತುಂಬದವರ ಮೇಲಿನ ಲೈಂಗಿಕ ದೌರ್ಜನ್ಯ ಯಾರಿಗೇ ಗೊತ್ತಾದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಸಮಾಜ ಕಾರ್ಯಕರ್ತೆ ಎಂಬ ಕಾರಣಕ್ಕೆ ನನಗೇನೂ ವಿನಾಯಿತಿ ಇಲ್ಲ.

ತಿಳಿಸಿದೆ. ಅವಳು ನನ್ನ ಮುಖ ನೋಡಿ ಹೇಳಿದ್ದು ಒಂದೇ ಮಾತು: ‘ನೀವೂ ಸುಳ್ಳು ಹೇಳಿದ್ರಿ.’

ದೂರು ಕೊಟ್ಟಿದ್ದು ತಪ್ಪಲ್ಲ. ಕೊಡಲೇಬಾರದಿದ್ದ ಮಾತು ಕೊಟ್ಟಿದ್ದು ತಪ್ಪು.

ಹಾಗಾದ್ರೆ ಗುಟ್ಟಿಗೆ ರಕ್ಷಣೆಯೇ ಇಲ್ವಾ?

ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಚಿಕಿತ್ಸಾ ತಂಡದಲ್ಲಿರುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೂ ಅದನ್ನು ಪಾಲಿಸಬೇಕು. ಯಾರದಾದರೂ ಜೀವಕ್ಕೆ ಅಪಾಯ, ಇನ್ನೊಬ್ಬರ ಮೇಲೆ ಹಿಂಸೆಯ ಭಯ, ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಆದೇಶ, ಹೀಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ಅಗತ್ಯವಿದ್ದಷ್ಟನ್ನು ಹೇಳಬಹುದು. ‘ನಮ್ಮ ಎಂಪ್ಲಾಯಿಗೆ ಏನಾಗಿದೆ?’ ಎಂದು ಫೋನ್ ಮಾಡುವ ಎಚ್‌ಆರ್‌ ಆ ಪಟ್ಟಿಯಲ್ಲಿಲ್ಲ. ಚಿಂತೆಯಿಂದಲೇ ಕೇಳುವ ಅಮ್ಮನಿಗೂ, ಮಗಳು ವಯಸ್ಕಳಾಗಿದ್ದು ಕಾಯ್ದೆಯ ಪ್ರಕಾರ ಅವರು ಅವಳ ಪ್ರತಿನಿಧಿಯಲ್ಲದಿದ್ದರೆ, ನಾನು ಹೇಳುವ ಹಾಗಿಲ್ಲ.

ಕೋರ್ಟಿನ ವಿಷಯವೇ ಬೇರೆ. ವಕೀಲರ ಜೊತೆ ಕಕ್ಷಿದಾರ ಆಡಿದ ಮಾತಿಗೆ ನಮ್ಮ ಸಾಕ್ಷ್ಯ ಕಾನೂನು ಕವಚ ಕೊಟ್ಟಿದೆ; ಗಂಡ-ಹೆಂಡತಿ ನಡುವಿನ ಮಾತಿಗೂ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಸಮಾಜ ಕಾರ್ಯಕರ್ತರಿಗೆ ಅಂಥ ಕವಚ ಸಿಕ್ಕಿಲ್ಲ. ಸಮನ್ಸ್ ಬಂದರೆ ಕಟಕಟೆ ಹತ್ತಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 1996ರಲ್ಲೇ, ಜಾಫಿ ವರ್ಸಸ್ ರೆಡ್ಮಂಡ್ ಪ್ರಕರಣದಲ್ಲಿ, ಲೈಸೆನ್ಸ್ ಪಡೆದ ಸಮಾಜ ಕಾರ್ಯಕರ್ತರ ಚಿಕಿತ್ಸಾ ಮಾತುಕತೆಗೂ ಈ ರಕ್ಷಣೆ ಕೊಟ್ಟಿತು.

ಮೊದಲ ದಿನವೇ ಕೇಳಿ

ನೀವು ಯಾರ ಬಳಿಯಾದರೂ ಕೌನ್ಸೆಲಿಂಗ್‌ಗೆ ಹೋದರೆ ನಾಚಿಕೆಯಿಲ್ಲದೆ ಮೂರು ಪ್ರಶ್ನೆ ಕೇಳಿ:

• ನನ್ನ ಮಾತನ್ನು ಯಾವ ಸಂದರ್ಭದಲ್ಲಿ ಹೊರಗೆ ಹೇಳ್ತೀರಿ?
• ಬರೆದಿಟ್ಟ ನೋಟ್ಸ್ ಯಾರ್ಯಾರ ಕಣ್ಣಿಗೆ ಬೀಳುತ್ತೆ?
• ಆಫೀಸಿನಿಂದಲೇ ಏರ್ಪಾಡಾಗಿದ್ದರೆ, ಕಂಪನಿಗೆ ಹೋಗುವ ರಿಪೋರ್ಟ್‌ನಲ್ಲಿ ಏನಿರುತ್ತೆ?

ತಡವರಿಸದೆ ಉತ್ತರ ಕೊಟ್ಟರೆ ಸರಿ. ‘ಅದೆಲ್ಲಾ ಬಿಡಿ, ನಂಬಿ’ ಅಂದರೆ ಸ್ವಲ್ಪ ಯೋಚಿಸಿ.

ಈಗ ನಾನು ಮೊದಲು ಗಡಿ ಹೇಳಿ, ಆಮೇಲೆ ಕಿವಿ ಕೊಡುತ್ತೇನೆ. ಅದನ್ನು ಕೇಳಿ ಎದ್ದು ಹೋದವರೂ ಇದ್ದಾರೆ. ಆ ರಾತ್ರಿ ನಿದ್ದೆ ಬರಲ್ಲ. ಆ ಹುಡುಗಿ ಕೆಲವು ತಿಂಗಳಾದ ಮೇಲೆ ಮತ್ತೆ ಬಂದಿದ್ದಳು. ‘ಮೊದಲೇ ಹೇಳಿದ್ರೆ ನಾನು ಬಾಯಿ ಬಿಡ್ತಿದ್ನೋ ಇಲ್ವೋ ಗೊತ್ತಿಲ್ಲ ಮೇಡಂ. ಆದ್ರೆ ಬಿಡಬೇಕೋ ಬೇಡವೋ ಅಂತ ನಾನೇ ತೀರ್ಮಾನ ಮಾಡ್ತಿದ್ದೆ’ ಅಂದಳು.

ಅವಳಿಗೆ ಆಗ ಕ್ಷಮೆ ಕೇಳಿದೆ. ಅಂದಿನಿಂದ ‘ಯಾರಿಗೂ ಹೇಳಲ್ಲ’ ಎಂಬ ಮಾತನ್ನು ನಾನು ಯಾರಿಗೂ ಕೊಟ್ಟಿಲ್ಲ.