ಟ್ರೇಲರ್ ಹಿಂದಿನ ಕೆಂಪು ದೀಪ ಯಾಕೆ ಉರಿಯಲ್ಲ?

ಕಬ್ಬು ಅರೆಯೋ ಸೀಸನ್ ಶುರುವಾದರೆ ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆಯ ರಸ್ತೆಗಳಲ್ಲಿ ರಾತ್ರಿ ಬೈಕ್ ಓಡಿಸೋರಿಗೆ ಒಂದು ಭಯ ಇದ್ದೇ ಇರುತ್ತೆ. ಮುಂದೆ ಕತ್ತಲು ಅಂದ್ಕೊಂಡಿರ್ತೀವಿ. ಹತ್ತಿರ ಹೋದ ಮೇಲೆ ಆ ಕತ್ತಲಿಗೆ ಜಲ್ಲೆಗಳಿವೆ, ಚಕ್ರಗಳಿವೆ, ಅದು ನಿಧಾನವಾಗಿ ಚಲಿಸ್ತಾ ಇದೆ ಅಂತ ಗೊತ್ತಾಗುತ್ತೆ. ಅದು ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್.

ಒಂದು ಸಣ್ಣ ಲೆಕ್ಕ ಹಾಕೋಣ. ತುಂಬಿದ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗ್ತಿದೆ, ನಾವು 60ರಲ್ಲಿ ಬರ್ತಿದ್ದೀವಿ ಅಂದ್ಕೊಳ್ಳಿ. ವ್ಯತ್ಯಾಸ 40 ಕಿ.ಮೀ., ಅಂದ್ರೆ ಸೆಕೆಂಡಿಗೆ ಸುಮಾರು 11 ಮೀಟರ್. ನಮ್ಮ ಹೆಡ್‌ಲೈಟಿಗೆ ಟ್ರೇಲರ್ ಕಾಣಿಸಿದ್ದು 33 ಮೀಟರ್ ದೂರದಲ್ಲಾದರೆ ಕೈಯಲ್ಲಿ ಉಳಿಯೋದು 3 ಸೆಕೆಂಡ್. ಅದರಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು "ಅದೇನದು" ಅಂತ ಅರ್ಥ ಆಗೋಕೇ ಹೋಗುತ್ತೆ. ಈ ಲೆಕ್ಕವನ್ನು ಬದಲಾಯಿಸೋಕೆ ಬೇಕಾಗಿರೋದು 5 ವ್ಯಾಟಿನ ಎರಡು ಬಲ್ಬು, ಅಷ್ಟೇ. ಆದರೆ ಅವು ಉರಿಯಲ್ಲ. ಯಾಕೆ?

ಬಹಳಷ್ಟು ಸಲ ಬಲ್ಬ್ ಹೋಗಿರಲ್ಲ. ವೈರಿಂಗ್ ಹೋಗಿರುತ್ತೆ. ಅದನ್ನು ಹುಡುಕೋಕೆ ಫಸ್ಟ್ ಇಯರ್‌ನಲ್ಲಿ ನಾವೆಲ್ಲ ಓದಿದ ಬೇಸಿಕ್ ಎಲೆಕ್ಟ್ರಿಕಲ್ ಸಾಕು. ಎಕ್ಸಾಮ್ ಮುಗಿದ ಮೇಲೆ ಓಮ್‌ನ ನಿಯಮ ಯಾವ ಕೆಲಸಕ್ಕೂ ಬರಲ್ಲ ಅನ್ನೋರು ಇದನ್ನು ಓದಲೇಬೇಕು.

ಏಳು ಪಿನ್ನಿನ ಕಥೆ

ಟ್ರ್ಯಾಕ್ಟರಿನ ಹಿಂದೆ ಮುಚ್ಚಳ ಇರೋ ಒಂದು ದುಂಡನೆ ಸಾಕೆಟ್ ಇರುತ್ತೆ. ಟ್ರೇಲರಿನ ಪ್ಲಗ್ ಅದಕ್ಕೆ ಹೋಗುತ್ತೆ. ಸಾಮಾನ್ಯವಾಗಿ ಸಿಗೋ 12 ವೋಲ್ಟಿನ ಏಳು ಪಿನ್ನಿನ ಸಾಕೆಟ್ ಐಎಸ್ಒ 1724 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಹೀಗಿರುತ್ತೆ:

1 – ಎಡ ಇಂಡಿಕೇಟರ್
2 – ಹಿಂದಿನ ಫಾಗ್ ಲ್ಯಾಂಪ್
3 – ಅರ್ತ್
4 – ಬಲ ಇಂಡಿಕೇಟರ್
5 – ಬಲಗಡೆಯ ಟೇಲ್ ಲೈಟ್
6 – ಬ್ರೇಕ್ ಲೈಟ್
7 – ಎಡಗಡೆಯ ಟೇಲ್ ಲೈಟ್

ಸ್ಟ್ಯಾಂಡರ್ಡಿನಲ್ಲಿ ಪ್ರತಿ ವೈರಿಗೂ ಒಂದು ಬಣ್ಣ ಇದೆ, ಅರ್ತ್‌ಗೆ ಬಿಳಿ. ಆದರೆ ಹಳೇ ಟ್ರೇಲರಿನಲ್ಲಿ ಬಣ್ಣ ನಂಬೋ ಹಾಗಿಲ್ಲ. ಯಾರೋ ಯಾವಾಗಲೋ ಕೈಗೆ ಸಿಕ್ಕಿದ ವೈರ್ ಹಾಕಿರ್ತಾರೆ. ಸಾಕೆಟ್ ಬಿಚ್ಚಿದರೆ ಸ್ಕ್ರೂಗಳ ಪಕ್ಕದಲ್ಲೇ ನಂಬರ್ ಅಚ್ಚಾಗಿರುತ್ತೆ, ಅದನ್ನು ನಂಬಿ.

ಈ ಏಳರಲ್ಲಿ ಮುಖ್ಯವಾದದ್ದು 3ನೇ ಪಿನ್. ಬೇರೆಯವರೆಲ್ಲ ಕರೆಂಟನ್ನು ಟ್ರೇಲರಿಗೆ ಕೊಂಡೊಯ್ಯೋರು. ವಾಪಸ್ ತರೋನು ಇವನೊಬ್ಬನೇ.

ಅರ್ತ್ ಅಂದ್ರೆ ಭೂಮಿ ಅಲ್ಲ

ಇಲ್ಲೇ ತುಂಬಾ ಜನ ಎಡವೋದು. ಮನೆಯ ಅರ್ತಿಂಗ್ ಮಣ್ಣಿಗೆ ಹೋಗುತ್ತೆ ನಿಜ. ಟ್ರೇಲರ್ ನಿಂತಿರೋದು ರಬ್ಬರ್ ಟಯರಿನ ಮೇಲೆ, ಅದಕ್ಕೂ ಮಣ್ಣಿಗೂ ಸಂಬಂಧ ಇಲ್ಲ. ಇಲ್ಲಿ ಅರ್ತ್ ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗೋ ದಾರಿ. ಬಲ್ಬಿನಿಂದ ಟ್ರೇಲರಿನ ಕಬ್ಬಿಣಕ್ಕೆ, ಕಬ್ಬಿಣದಿಂದ ಅರ್ತ್ ವೈರಿಗೆ, ಅಲ್ಲಿಂದ 3ನೇ ಪಿನ್ನಿಗೆ, ಕೊನೆಗೆ ಟ್ರ್ಯಾಕ್ಟರಿನ ಬಾಡಿಗೆ. ಈ ಸರಪಳಿಯಲ್ಲಿ ಒಂದು ಬೋಲ್ಟ್ ತುಕ್ಕು ಹಿಡಿದರೂ ಆಟ ಮುಗೀತು.

ಎಷ್ಟು ತುಕ್ಕು ಸಾಕು? ಬ್ರೇಕ್ ಲೈಟಿನ ಬಲ್ಬ್ 21 ವ್ಯಾಟ್. 12 ವೋಲ್ಟಿಗೆ ಅದು ಎಳೆಯೋ ಕರೆಂಟ್ 1.75 ಆಂಪಿಯರ್, ಉರಿಯುವಾಗ ರೆಸಿಸ್ಟೆನ್ಸ್ ಸುಮಾರು 6.9 ಓಮ್. ಎರಡು ಬಲ್ಬ್ ಪ್ಯಾರಲಲ್‌ನಲ್ಲಿದ್ದರೆ 3.4 ಓಮ್. ಈಗ ಅರ್ತ್ ಬೋಲ್ಟಿನ ತುಕ್ಕು ಬರೀ 1 ಓಮ್ ಅಂತ ಇಟ್ಕೊಳ್ಳಿ. ಒಟ್ಟು 4.4 ಓಮ್, ಕರೆಂಟ್ ಸುಮಾರು 2.7 ಆಂಪಿಯರ್, ತುಕ್ಕಿನಲ್ಲೇ 2.7 ವೋಲ್ಟ್ ಕಳೆದುಹೋಯ್ತು. ಬಲ್ಬಿಗೆ ಸಿಕ್ಕಿದ್ದು 9.3. ಕಾಲು ಭಾಗವೂ ಕಮ್ಮಿ ಆಗಿಲ್ಲವಲ್ಲ ಅನ್ನಬಹುದು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್‌ಗಿಂತ ತುಂಬಾ ಬೇಗ ಬೀಳುತ್ತೆ. ಈ ವೋಲ್ಟೇಜ್‌ನಲ್ಲಿ ಬೆಳಕು ಅರ್ಧಕ್ಕಿಂತ ಕಡಿಮೆ. ಧೂಳು ಮೆತ್ತಿದ ಕೆಂಪು ಗಾಜಿನ ಹಿಂದೆ ಅದು ಇದ್ದರೂ ಇಲ್ಲದ ಹಾಗೇ.

ವಿಚಿತ್ರ ಲಕ್ಷಣಗಳು

ಅರ್ತ್ ಪೂರ್ತಿ ಕಿತ್ತುಹೋದರೆ ಇನ್ನೂ ತಮಾಷೆ. ಬಲ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಟೇಲ್ ಲೈಟೂ ಅದರ ಜೊತೆ ಮಂಕಾಗಿ ಮಿಣುಕುತ್ತವೆ. ರಜೆಯಲ್ಲಿ ಗೆಳೆಯನ ಊರಿಗೆ ಹೋದಾಗ ಅವರ ಚಿಕ್ಕಪ್ಪನ ಟ್ರೇಲರಿನಲ್ಲಿ ನಾವು ಇದನ್ನೇ ನೋಡಿದ್ವಿ. "ಸ್ವಿಚ್ಚೇ ಹೋಗೈತೆ, ಬದಲಾಯಿಸ್ಬೇಕು" ಅಂತಿದ್ರು ಅವರು. ಸ್ವಿಚ್ ಸರಿಯಾಗೇ ಇತ್ತು.

ಆಗಿದ್ದೇನು ಅಂದ್ರೆ, ಇಂಡಿಕೇಟರ್ ಬಲ್ಬಿನಿಂದ ಹೊರಬಂದ ಕರೆಂಟಿಗೆ ವಾಪಸ್ ದಾರಿ ಇಲ್ಲ. ಅದೇ ಲ್ಯಾಂಪಿನ ಬ್ರೇಕ್ ಫಿಲಮೆಂಟೂ ಅದೇ ಅರ್ತ್‌ಗೆ ಸೇರಿರುತ್ತೆ. ಹಾಗಾಗಿ ಕರೆಂಟ್ ಆ ಫಿಲಮೆಂಟಿನೊಳಗೆ ಹಿಂದುಮುಂದಾಗಿ ಹೊಕ್ಕು, ಬ್ರೇಕ್ ವೈರ್ ಹಿಡಿದು ಟ್ರ್ಯಾಕ್ಟರಿಗೆ ಬಂದು, ಟ್ರ್ಯಾಕ್ಟರಿನ ಸ್ವಂತ ಬ್ರೇಕ್ ಲೈಟಿನ ಮೂಲಕ ಬಾಡಿ ಸೇರುತ್ತೆ. ಮೂರು ಬಲ್ಬ್ ಸೀರೀಸ್‌ನಲ್ಲಿ ಬಂದ ಹಾಗಾಯ್ತು, ಅದಕ್ಕೇ ಎಲ್ಲವೂ ಮಂಕು. ಮುಚ್ಚಿದ ಬಾಗಿಲು ಬಿಟ್ಟು ಪಕ್ಕದ ಮನೆ ಹಿತ್ತಲಿಂದ ಹೊರಗೆ ಹೋದ ಹಾಗೆ. ಒಂದು ದೀಪ ಹಾಕಿದರೆ ಇನ್ನೊಂದು ಉರಿಯುತ್ತೆ ಅಂದ್ರೆ ಮೊದಲು ಅರ್ತ್ ನೋಡಿ, ಸ್ವಿಚ್ ಆಮೇಲೆ.

ಇನ್ನೊಂದು ಲಕ್ಷಣ: ನಿಂತಾಗ ದೀಪ ಸರಿ, ಓಡುವಾಗ ಬಿಟ್ಟು ಬಿಟ್ಟು ಉರಿಯುತ್ತೆ. 3ನೇ ಪಿನ್ನಿನ ವೈರ್ ತುಂಡಾಗಿದ್ದರೂ ಟ್ರೇಲರ್ ಸಿಕ್ಕಿಸೋ ಹುಕ್ಕು ಮತ್ತು ಪಿನ್ ಕಬ್ಬಿಣದವೇ ಆದ್ದರಿಂದ ಕರೆಂಟ್ ಅಲ್ಲಿಂದ ದಾಟುತ್ತೆ. ಆದರೆ ಅಲ್ಲಿ ಗ್ರೀಸ್, ಮಣ್ಣು, ಕುಲುಕಾಟ. ಪ್ರತಿ ಹಳ್ಳಕ್ಕೂ ಸಂಪರ್ಕ ತಪ್ಪುತ್ತೆ.

ಹುಡುಕೋ ಕ್ರಮ

ಮೊದಲು ಅರ್ಧ ಭಾಗ ಮಾಡಿ. ಟ್ರೇಲರ್ ಪ್ಲಗ್ ತೆಗೆದು ಟ್ರ್ಯಾಕ್ಟರ್ ಸಾಕೆಟಿನಲ್ಲೇ ಪರೀಕ್ಷೆ ಮಾಡಿ. ಲೈಟ್ ಹಾಕಿಸಿ 5 ಮತ್ತು 7, ಬ್ರೇಕ್ ಒತ್ತಿಸಿ 6, ಇಂಡಿಕೇಟರ್ ಹಾಕಿಸಿ 1 ಮತ್ತು 4. ಪ್ರತಿಯೊಂದನ್ನೂ 3ನೇ ಪಿನ್ನಿಗೆ ಎದುರಾಗಿಟ್ಟು ನೋಡಿ. ಎಲ್ಲ ಬಂದರೆ ಟ್ರ್ಯಾಕ್ಟರ್ ಸರಿ ಇದೆ, ತೊಂದರೆ ಟ್ರೇಲರಿನಲ್ಲಿ. ಬರದಿದ್ದರೆ ಟ್ರೇಲರ್ ಮುಟ್ಟೋದೇ ಬೇಡ.

ಇಲ್ಲಿ ಮಲ್ಟಿಮೀಟರ್ ಒಂದು ಮೋಸ ಮಾಡುತ್ತೆ. ವೈರಿನ ಹತ್ತಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತೆ, ಯಾಕೆಂದರೆ ಮೀಟರ್ ಕರೆಂಟನ್ನೇ ಎಳೆಯಲ್ಲ. ಅದಕ್ಕೆ 21 ವ್ಯಾಟಿನ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್ ಮೀಟರಿಗಿಂತ ಸತ್ಯ ಹೇಳುತ್ತೆ. ಅದು ಝಗ್ ಅಂತ ಉರಿದರೆ ಲೈನ್ ಗಟ್ಟಿ, ಮಂಕಾದರೆ ಎಲ್ಲೋ ಕಿಲುಬು.

ಎರಡನೆಯದು, ಪ್ಲಗ್ ಹಾಕಿ ಅರ್ತ್ ಪರೀಕ್ಷೆ. ದೀಪ ಆನ್ ಇರುವಾಗಲೇ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿ ನೆಗೆಟಿವ್‌ಗೆ, ಉದ್ದ ವೈರಿನಿಂದ ಇನ್ನೊಂದನ್ನು ಟೇಲ್ ಲ್ಯಾಂಪಿನ ಲೋಹದ ಹೋಲ್ಡರ್‌ಗೆ ಇಡಿ. 0.1, 0.2 ವೋಲ್ಟ್ ಬಂದರೆ ಪರವಾಗಿಲ್ಲ. 1 ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ. ಮುಳ್ಳನ್ನು ಒಂದೊಂದೇ ಜಾಯಿಂಟ್ ದಾಟಿಸ್ತಾ ಟ್ರ್ಯಾಕ್ಟರ್ ಕಡೆ ಬನ್ನಿ. ಯಾವ ಜಾಗದಲ್ಲಿ ರೀಡಿಂಗ್ ಧುಡುಮ್ ಅಂತ ಬೀಳುತ್ತೋ ಅಲ್ಲೇ ತುಕ್ಕು.

ಮೂರನೆಯದು, ಫ್ಯೂಸ್ ಪದೇ ಪದೇ ಹೋಗ್ತಿದ್ದರೆ. ಪ್ಲಗ್ ತೆಗೆದಾಗ ಫ್ಯೂಸ್ ಉಳಿದು, ಹಾಕಿದ ತಕ್ಷಣ ಹೋದರೆ ಟ್ರೇಲರಿನಲ್ಲಿ ವೈರ್ ಎಲ್ಲೋ ಕಬ್ಬಿಣಕ್ಕೆ ತಾಗ್ತಿದೆ. ಚಾಸಿಯ ಅಂಚು, ತೂತು, ಆಕ್ಸಲ್ ಹತ್ತಿರ ಉಜ್ಜೋ ಜಾಗ ನೋಡಿ. ದೊಡ್ಡ ಫ್ಯೂಸ್ ಹಾಕೋದು, ಬರೀ ತಂತಿ ಸುತ್ತೋದು ಮಾತ್ರ ಬೇಡವೇ ಬೇಡ. ಫ್ಯೂಸ್ ಸಾಯೋದು ವೈರ್ ಉಳಿಸೋಕೆ. ಅದನ್ನು ಸಾಯೋಕೆ ಬಿಡದಿದ್ದರೆ ವೈರ್ ಸುಡುತ್ತೆ. ಮೇಲೆ ಒಣ ಸೋಗೆ ಇರೋದು ನೆನಪಿರಲಿ.

ಸರಿ ಮಾಡೋದು

ಅರ್ತ್ ಬೋಲ್ಟ್ ಬಿಚ್ಚಿ, ಅದರ ಕೆಳಗಿನ ಪೇಂಟೂ ತುಕ್ಕೂ ಹೋಗಿ ಹೊಳೆಯೋ ಕಬ್ಬಿಣ ಕಾಣೋವರೆಗೆ ಎಮರಿ ಪೇಪರಿನಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಸವರಿ. ಇನ್ನೂ ಒಳ್ಳೆಯದು ಅಂದ್ರೆ ಕಬ್ಬಿಣವನ್ನು ನಂಬದೆ ಎರಡೂ ಲ್ಯಾಂಪಿನಿಂದ 3ನೇ ಪಿನ್ನಿನವರೆಗೆ ದಪ್ಪ ಅರ್ತ್ ವೈರ್ ಎಳೆಯೋದು. ಒಂದರ ಹಿಂದೆ ಇನ್ನೊಂದು ಟ್ರೇಲರ್ ಇದ್ದರೆ ಇದು ಬೇಕೇ ಬೇಕು, ಯಾಕೆಂದರೆ ಎರಡರ ಕರೆಂಟೂ ಅದೇ ಪಿನ್ನಿನಲ್ಲಿ ವಾಪಸ್ ಬರಬೇಕು. ಜಾಯಿಂಟ್‌ಗಳನ್ನು ಬರೀ ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೆ ಕಿಲುಬು ಹತ್ತುತ್ತೆ. ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಪ್ಲಗ್ ಬಿಚ್ಚಿಟ್ಟಾಗ ನೆಲದ ಮೇಲೆ ಎಳೆದಾಡದ ಹಾಗೆ ಮೇಲಕ್ಕೆ ಕಟ್ಟಿಡಿ.

ಎಲ್ಲ ಸರಿ ಆದ ಮೇಲೂ ಒಂದು ಸಮಸ್ಯೆ ಉಳಿಯುತ್ತೆ, ಅದಕ್ಕೆ ಓಮ್ ಏನೂ ಮಾಡೋಕಾಗಲ್ಲ. ಹೊರಗೆ ಚಾಚಿದ ಕಬ್ಬು ಜೋತುಬಿದ್ದು ದೀಪವನ್ನೇ ಮುಚ್ಚುತ್ತೆ. ಅದಕ್ಕೆ ಲೋಡ್ ಆದ ಮೇಲೆ ಒಂದು ಸಲ ಹಿಂದೆ ನಿಂತು ನೋಡಲೇಬೇಕು. ಜೊತೆಗೆ ಕೆಂಪು ರಿಫ್ಲೆಕ್ಟರ್ ಟೇಪ್ ಇರಲಿ, ಅದಕ್ಕೆ ಬ್ಯಾಟರಿಯೂ ಬೇಡ, ಅರ್ತೂ ಬೇಡ.

ನಮ್ಮ ಕ್ಲಬ್ಬಿನಲ್ಲಿ ಹಳ್ಳಿಯಿಂದ ಬಂದವರು ಬಹಳ ಜನ ಇದ್ದೀವಿ. ಮುಂದಿನ ರಜೆಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಮೀಟರ್, ಒಂದು 21 ವ್ಯಾಟ್ ಬಲ್ಬು, ಒಂದು ಹಾಳೆ ಎಮರಿ ಪೇಪರ್ ಇಟ್ಕೊಂಡು ಹೋಗೋಣ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಟ್ರೇಲರ್ ಇದ್ದೇ ಇರುತ್ತೆ.